ಹತ್ತಿ ಇಳಿದ ಘಟ್ಟ, ಉಪ್ಪು ಏರಿದ ಘಟ್ಟ

ನಮ್ಮ ಅಜ್ಜ ನವಲಗುಂದದ ಎರಿಹೊಲದಲ್ಲಿ ಹತ್ತಿ ಬೆಳೆಯುತ್ತಿದ್ದರು. ಹಳೆಯ ಜವಾರಿ ಹತ್ತಿಯ ಮಾತು ಬಂದರೆ ‘ಕುಮಟಾ ಹತ್ತಿ’ ಅನ್ನುತ್ತಿದ್ದರು. ಕುಮಟಾದಲ್ಲಿ ತೆಂಗು, ಗೇರು, ಭತ್ತ ಬೆಳೆಯುತ್ತದೆಯೇ ಹೊರತು ಹತ್ತಿ ಎಲ್ಲಿದೆ? ಚಿಕ್ಕವಳಿದ್ದಾಗ ಕೇಳಿದ್ದೆ. ‘ಹತ್ತಿ ನಮ್ದೇ. ಅಲ್ಲಿಂದ ಹಡಗು ಏರ್ತಿತ್ತು, ಅದಕ್ಕ ಆ ಹೆಸರು’ ಅಂದಿದ್ದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು.

ಕುಮಟಾ ಕಡೆಯ ಒಬ್ಬರು ನಿವೃತ್ತ ಮಾಸ್ತರು ವರ್ಷಕ್ಕೊಮ್ಮೆ ಏಳೆಂಟು ಜನರನ್ನು ಕರೆದುಕೊಂಡು ನಾಲ್ಕು ದಿನ ಸುತ್ತಾಡಿಸುತ್ತಾರೆ ಅಂತ ಗೆಳತಿಯಿಂದ ಗೊತ್ತಾಯಿತು. ದೇವಸ್ಥಾನ, ಬೀಚು ಅಲ್ಲ. ಮಂಡಿ, ಘಟ್ಟದ ರಸ್ತೆ, ಬಂದರು, ಉಪ್ಪಿನ ಆಗರ. ಹಗಲು ಓಡಾಟ, ರಾತ್ರಿ ಜಗಲಿಯಲ್ಲಿ ಕೂತು ಮಾತು. ಫೆಬ್ರುವರಿ ಕೊನೆಯ ವಾರ ಹೊರಟೆವು. ಈ ಪ್ರವಾಸಕ್ಕೆ ಅದೇ ಸರಿಯಾದ ಕಾಲ. ಡಿಸೆಂಬರಿನಲ್ಲಿ ಹೋದರೆ ಉಪ್ಪು ಇನ್ನೂ ಶುರುವಾಗಿರುವುದಿಲ್ಲ, ಜೂನ್‌ನಲ್ಲಿ ಹೋದರೆ ಎಲ್ಲಾ ನೀರಿನಡಿ.

ಮೊದಲ ದಿನ: ಶಿರಸಿ

ಬೆಳಿಗ್ಗೆ ಬಸ್ಸಿಳಿದಾಗ ಶಿರಸಿಯಲ್ಲಿ ಇನ್ನೂ ಚಳಿ ಇತ್ತು. ಬನ್ಸ್ ಮತ್ತು ಚಹಾ ಮುಗಿಸಿ ಸೀದಾ ಅಡಿಕೆ ಯಾರ್ಡಿಗೆ ನಡೆದೆವು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವುದು ಒಂದು ಒಗರು ವಾಸನೆ. ಸ್ವಲ್ಪ ಹೊತ್ತಿಗೆ ಅದು ಒಳ್ಳೆಯ ವಾಸನೆ ಅನ್ನಿಸತೊಡಗಿತು.

ನಾನು ಅಡಿಕೆ ಅಂದರೆ ಅಡಿಕೆ ಅಂದುಕೊಂಡಿದ್ದೆ. ಇಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ, ಒಂದೊಂದಕ್ಕೂ ಒಂದೊಂದು ದರ. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ರಸದಲ್ಲಿ, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಮರದಲ್ಲೇ ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ನಲವತ್ತು ದಿನಕ್ಕೂ ಜಾಸ್ತಿ ಬಿಸಿಲಿಗೆ ಹಾಕಿ, ಆಮೇಲೆ ಸುಲಿದರೆ ಚಾಲಿ. ಒಬ್ಬರು ಹಿರಿಯರು ಚೀಲಕ್ಕೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದರು. ಎರಡನ್ನು ಅಂಗೈಯಲ್ಲಿ ಕುಲುಕಿ ಸದ್ದು ಕೇಳಿದರು. ಒಂದನ್ನು ಅಡಕತ್ತರಿಯಲ್ಲಿ ಕಟಕ್ಕನೆ ಎರಡು ಮಾಡಿ ಒಳಗಿನ ಬಿಳಿ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ‘ಇದು ಸರಿಯಾಗಿ ಒಣಗಿದ್ದಿಲ್ಲೆ. ಇನ್ನು ನಾಲ್ಕು ದಿನ ಬೇಕಿತ್ತು’ ಅಂದರು. ಅಷ್ಟು ಹೊತ್ತಿಗೆ ನಾನು ನೋಡಿದ್ದು ಬರೀ ಕತ್ತರಿಸಿದ ಅಡಿಕೆ. ಅವರು ನೋಡಿದ್ದು ಯಾರದೋ ಅಂಗಳದ ನಲವತ್ತು ದಿನದ ಬಿಸಿಲನ್ನು.

ಇಲ್ಲಿಯ ತೋಟಿಗರು 1923ರಲ್ಲೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡರು. ಊರವರ ಬಾಯಲ್ಲಿ ಅದು ಟಿಎಸ್‌ಎಸ್. ಬೆಳೆದವರು ಒಬ್ಬೊಬ್ಬರಾಗಿ ವ್ಯಾಪಾರಿಯ ಮುಂದೆ ನಿಲ್ಲುವ ಬದಲು ಎಲ್ಲರ ಅಡಿಕೆಯನ್ನೂ ಒಂದೇ ಕಡೆ ತಂದು ಟೆಂಡರಿಗೆ ಇಡುವ ಪದ್ಧತಿ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ‘ಸರ್ಟಿಫಿಕೇಟು ಬಂತು, ಒಳ್ಳೇದು. ಕೊನೆಗೌಡ ಎಲ್ಲಿಂದ ತರೂದು?’ ಅಂದರು ಆ ಹಿರಿಯರು. ಮರದಿಂದ ಮರಕ್ಕೆ ತೂಗಿಕೊಂಡು ಹೋಗಿ ಕೊನೆ ಕೊಯ್ಯುವವರು ಈಗ ಊರಿಗೆ ಒಬ್ಬರೋ ಇಬ್ಬರೋ. ಯಾರ್ಡು ನೋಡುವ ಆಸೆಯಿದ್ದರೆ ವ್ಯಾಪಾರ ಇರುವ ದಿನ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ಬರೀ ಮುಚ್ಚಿದ ಚೀಲಗಳು ಸಿಗುತ್ತವೆ.

ಸಂಜೆ ಊರಾಚೆಯ ಆಲೆಮನೆಗೆ ಹೋದೆವು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಪಕ್ಕದಲ್ಲಿ ಒಬ್ಬ ಅಕ್ಕ ತೊಡೆದೇವು ಮಾಡುತ್ತಿದ್ದರು. ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಮಡಿಕೆ. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಆ ಮಡಿಕೆಯ ಬೆನ್ನಿಗೆ ಒಂದೇ ಬೀಸಿನಲ್ಲಿ ಬಳಿಯುತ್ತಾರೆ. ಅರೆಕ್ಷಣದಲ್ಲಿ ಕಾಗದದ ಹಾಳೆಯಂಥದ್ದು ಏಳುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ತಡವಾದರೆ ಪುಡಿ. ನಾನೂ ಒಂದು ಮಡಚಿದೆ, ಪುಡಿಯಾಯಿತು. ‘ಅದನ್ನೂ ತಿನ್ನಲಾಗ್ತು ತಂಗಿ’ ಅಂತ ಅವರು ನಕ್ಕರು. ತುಪ್ಪ ಹಾಕಿಕೊಟ್ಟರು.

ರಾತ್ರಿ ಜಗಲಿಯಲ್ಲಿ ಮಾಸ್ತರು ಘಟ್ಟದ ಕಥೆ ಶುರುಮಾಡಿದರು. ಗಾಡಿ ರಸ್ತೆ ಆಗುವ ಮೊದಲು ಲಂಬಾಣಿಗಳು ಎತ್ತಿನ ಬೆನ್ನ ಮೇಲೆ ಹೇರು ಹಾಕಿಕೊಂಡು ಘಟ್ಟ ಇಳಿಯುತ್ತಿದ್ದರು. ಇಳಿಯುವಾಗ ಬಯಲುಸೀಮೆಯ ಹತ್ತಿ, ಕಾಳು. ಏರುವಾಗ ಉಪ್ಪು. ‘ಎತ್ತು ಖಾಲಿ ಬೆನ್ನಲ್ಲಿ ನಡೆದದ್ದೇ ಇಲ್ಲ’ ಅಂದರು.

ಎರಡನೇ ದಿನ: ದೇವಿಮನೆ ಘಟ್ಟ, ಕುಮಟಾ

ಶಿರಸಿಯಿಂದ ಕುಮಟಾಕ್ಕೆ ಸುಮಾರು ಅರವತ್ತು ಕಿಲೋಮೀಟರ್. ನಮಗೆ ಹಿಡಿದದ್ದು ನಾಲ್ಕು ತಾಸು. ರಾಷ್ಟ್ರೀಯ ಹೆದ್ದಾರಿ 766ಇ ಅಗಲ ಮಾಡುವ ಕೆಲಸ. ಘಟ್ಟದ ನಡುವೆ ಒಂದು ಜೆಸಿಬಿ ಗುಡ್ಡ ಕೆರೆಯುತ್ತಿತ್ತು, ಎರಡೂ ಕಡೆ ಗಾಡಿಗಳ ಸಾಲು. ಕೆಂಪು ಧೂಳು ಎಲೆ ಮೇಲೆ, ಸೀಟಿನ ಮೇಲೆ, ಹಲ್ಲಿನ ಸಂದಿಯಲ್ಲಿ. ಈ ದಾರಿಯಲ್ಲಿ ಹೋಗುವವರು ಹಿಂದಿನ ದಿನವೇ ಘಟ್ಟ ತೆರೆದಿದೆಯಾ ಅಂತ ಶಿರಸಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಂತೂ ಕೇಳದೆ ಹೊರಡಬೇಡಿ.

ಮಾಸ್ತರು ನಮ್ಮನ್ನು ಗಾಡಿಯಿಂದ ಇಳಿಸಿ ಮುಂದಕ್ಕೆ ನಡೆಸಿದರು. ಅದು ಒಳ್ಳೆಯದೇ ಆಯಿತು. ಸದ್ದಿನಿಂದ ಎರಡು ತಿರುವು ದಾಟಿದರೆ ದಟ್ಟ ಕಾಡು, ಮಂಗಟ್ಟೆ ಹಕ್ಕಿಯ ರೆಕ್ಕೆಯ ಬುಸ್ಸೆಂಬ ಸದ್ದು. ಒಂದು ತಿರುವಿನಲ್ಲಿ ನಿಂತು ಅವರು ಕೇಳಿದರು: ‘ನಿಮ್ಮ ಧಾರವಾಡದ ಹತ್ತಿಗೂ ಅಮೆರಿಕದ ಯುದ್ಧಕ್ಕೂ ಏನು ಸಂಬಂಧ, ಹೇಳು ತಂಗಿ?’

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿಗಳಿಗೆ ಬರುವುದು ನಿಂತಿತು. ಗಿರಣಿಯವರ ಕಣ್ಣು ಬಿದ್ದದ್ದು ಹಿಂದುಸ್ತಾನದ ಹತ್ತಿಯ ಮೇಲೆ. ಧಾರವಾಡ ಸೀಮೆಯ ಹತ್ತಿ ಈ ಘಟ್ಟ ಇಳಿದು, ಕುಮಟಾದಲ್ಲಿ ಮಚವೆ, ಪತ್ತೆಮಾರಿ ಎಂಬ ಹಾಯಿದೋಣಿ ಏರಿ ಮುಂಬಯಿಗೆ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಇಂಗ್ಲೆಂಡಿಗೆ. ಮುಂಬಯಿ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಅಜ್ಜ ಹೇಳಿದ್ದು ಅಕ್ಷರಶಃ ನಿಜ. ಆ ತಿರುವಿನಲ್ಲಿ ನಿಂತು ಕೇಳುವಾಗ ಮೈ ಜುಮ್ಮೆಂದಿತು.

ಮಧ್ಯಾಹ್ನ ಕುಮಟಾದಲ್ಲಿ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಊಟ ಆದ ಮೇಲೆ ಹತ್ತಿಯನ್ನು ಹುಡುಕಿಕೊಂಡು ಹೊರಟೆವು. ಹಳೇ ಪೇಟೆ, ಹಂಚಿನ ಮಾಡಿನ ಉದ್ದನೆಯ ಕಟ್ಟಡಗಳು, ಹೊಳೆ ಬಾಯಿ. ಹೊಳೆ ಆಳವಿಲ್ಲ. ದೊಡ್ಡ ಹಡಗು ಆಗಲೂ ಒಳಗೆ ಬರುತ್ತಿರಲಿಲ್ಲ, ಸಮುದ್ರದಲ್ಲೇ ದೂರ ನಿಲ್ಲುತ್ತಿತ್ತು. ಬಲೆ ಹೊಲಿಯುತ್ತಿದ್ದ ಒಬ್ಬ ಅಣ್ಣನನ್ನು ಕೇಳಿದೆವು. ‘ಹತ್ತಿಯಾ? ಇಲ್ಲಿ ಹತ್ತಿ ಅಂದ್ರೆ ಹಾಸಿಗೆ ಅಂಗಡೀಲಿ ಸಿಗ್ತದೆ’ ಅಂದ. ಅವನಿಗೆ ಗೊತ್ತಿರಬೇಕಾದ ಕಾರಣವೂ ಇಲ್ಲ. 1888ರಲ್ಲಿ ಗೋವೆಯ ಮರ್ಮಗೋವಾ ಬಂದರಿಗೆ ಘಟ್ಟದ ಮೇಲಿನಿಂದ ರೈಲು ಇಳಿಯಿತು. ಅಲ್ಲಿಂದ ಮುಂದೆ ಹತ್ತಿ ಈ ದಾರಿ ಹಿಡಿಯಬೇಕಾಗಿ ಬರಲಿಲ್ಲ. ಇಲ್ಲಿಗೆ ರೈಲು ಬಂದದ್ದು ನೂರು ವರ್ಷದ ಮೇಲೆ, ಕೊಂಕಣ ರೈಲ್ವೆಯಾಗಿ.

ನನಗೆ ಬೇಜಾರಾಯಿತು. ಒಂದು ಕಲ್ಲೋ, ಕಬ್ಬಿಣದ ತುಂಡೋ ಸಿಕ್ಕೀತು ಅಂತ ಬಂದಿದ್ದೆ. ಮಾಸ್ತರು ಏನೂ ಹೇಳದೆ ಒಂದು ಗೇರು ಫ್ಯಾಕ್ಟರಿಗೆ ಕರೆದೊಯ್ದರು. ಹಬೆಯಲ್ಲಿ ಬೆಂದ ಬೀಜವನ್ನು ಹೆಂಗಸರು ಒಂದೊಂದಾಗಿ ಒಡೆಯುತ್ತಿದ್ದರು. ಒಂದು ಕೈ ಬೀಜ ಇಡುತ್ತದೆ, ಕಾಲು ಪೆಡಲು ಒತ್ತುತ್ತದೆ, ಇನ್ನೊಂದು ಕೈ ತಿರುಳು ಬಿಡಿಸುತ್ತದೆ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಹಾಗಾಗಿ ಬೆರಳಿಗೆ ಬೇರೆ ಎಣ್ಣೆ ಸವರಿಕೊಳ್ಳುತ್ತಾರೆ. ಅಂಗಡಿ ಪ್ಯಾಕೆಟ್ಟಿನ ಮೇಲೆ 240, 320 ಅಂತ ಬರೆದಿರುತ್ತದಲ್ವಾ, ಅದು ಒಂದು ಪೌಂಡಿಗೆ ಎಷ್ಟು ತಿರುಳು ಅನ್ನುವ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಗೋಡಂಬಿ ದೊಡ್ಡದು. ಇಡೀ ತಿರುಳು ಒಡೆಯದೆ ಹೊರಬಂದರೆ ಆ ಹೆಂಗಸಿನ ಮುಖದಲ್ಲಿ ಒಂದು ಗೆಲುವು ಕಾಣುತ್ತಿತ್ತು. ಸಂಜೆವರೆಗೆ ಅದನ್ನೇ ನೋಡುತ್ತ ನಿಂತಿದ್ದರೂ ನನಗೆ ಸಾಕಾಗುತ್ತಿರಲಿಲ್ಲ.

ಮೂರನೇ ದಿನ: ಸಾಣಿಕಟ್ಟಾ

ಈ ದಿನಕ್ಕಾಗಿಯೇ ಇನ್ನೊಮ್ಮೆ ಹೋಗಬೇಕು ಅಂದುಕೊಂಡಿದ್ದೇನೆ.

ಗೋಕರ್ಣದ ಹತ್ತಿರ, ಅಘನಾಶಿನಿಯ ಅಳಿವೆಯ ದಂಡೆಯಲ್ಲಿ ಸಾಣಿಕಟ್ಟಾ. ಬೆಳಿಗ್ಗೆ ಏಳಕ್ಕೇ ತಲುಪಿದೆವು. ಹತ್ತರ ಮೇಲೆ ಅಲ್ಲಿ ನಿಲ್ಲುವುದು ಕಷ್ಟ, ಬಿಸಿಲು ಮೇಲಿನಿಂದಲೂ ಹೊಡೆಯುತ್ತದೆ, ನೀರಿನಿಂದಲೂ ಹೊಡೆಯುತ್ತದೆ. ನಾಗರಬೈಲ್ ಉಪ್ಪು ಮಾಲೀಕರ ಸಹಕಾರಿ ಸಂಘ 1952ರಿಂದ ಇಲ್ಲಿಯ ಉಪ್ಪನ್ನು ನೋಡಿಕೊಳ್ಳುತ್ತಿದೆ. ಮೊದಲು ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಪಡೆದು ಒಳಗೆ ಹೋಗಬೇಕು. ಸುಮ್ನೆ ಗದ್ದೆಯೊಳಗೆ ಇಳಿದು ಫೋಟೋ ತೆಗೆಯುವವರಿಂದ ಅವರಿಗೆ ಸಾಕುಬೇಕಾಗಿದೆ.

ದೂರದಿಂದ ನೋಡಿದರೆ ಭತ್ತದ ಗದ್ದೆಯಂತೆಯೇ. ಸಣ್ಣ ಸಣ್ಣ ಬದು, ಚೌಕ ಚೌಕ ಮಡಿ. ಆದರೆ ಹಸಿರಿಲ್ಲ, ಆಕಾಶ ಮಾತ್ರ ಬಿದ್ದುಕೊಂಡಿದೆ. ಭರತದ ನೀರು ಏರಿದಾಗ ಮರದ ಹಲಗೆಯ ಬಾಗಿಲು ಎತ್ತಿ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಇಳಿತ ಶುರುವಾಗುವ ಮೊದಲು ಹಲಗೆ ಇಳಿಸುತ್ತಾರೆ. ಆಮೇಲೆ ಆ ನೀರು ಒಂದು ಮಡಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಬಿಸಿಲು ಕುಡಿಯುತ್ತ, ಗಟ್ಟಿಯಾಗುತ್ತ ಸಾಗುತ್ತದೆ. ನೀರು ಎಷ್ಟು ಗಟ್ಟಿ ಅಂತ ಅಳೆಯುವ ಬೋಮೆ ಮಾಪಕದಲ್ಲಿ ಸಮುದ್ರದ ನೀರು ಸುಮಾರು 3 ಡಿಗ್ರಿ. ಉಪ್ಪು ಹರಳುಗಟ್ಟಲು ಅದು 25ರ ಹತ್ತಿರ ಬರಬೇಕು. 30ರವರೆಗೆ ಬಿಟ್ಟರೆ ಕಹಿ ಲವಣಗಳು ಸೇರಿಕೊಳ್ಳುತ್ತವೆ, ಆ ನೀರನ್ನು ಹೊರಗೆ ಬಿಟ್ಟುಬಿಡಬೇಕು. ಈ ಲೆಕ್ಕವನ್ನು ಮಾಸ್ತರು ಹೇಳಿದರು. ಬದುವಿನ ಮೇಲೆ ನಿಂತಿದ್ದ, ಉಪ್ಪಿನ ಕೆಲಸದ ಗೌಡರಿಗೆ ಮಾಪಕ ಬೇಕಿರಲಿಲ್ಲ. ಬಗ್ಗಿ ಬೆರಳು ಅದ್ದಿದರು, ಹೆಬ್ಬೆರಳಿನಿಂದ ಉಜ್ಜಿದರು. ‘ಇದು ನಾಳೆಗೆ’ ಅಂದರು. ಪಕ್ಕದ ಮಡಿ ತೋರಿಸಿ ‘ಅದು ಈಗ.’

ಆ ‘ಈಗ’ ಅಂದ ಮಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತೆ. ನೀರಿನ ಮೇಲೆ ತೆಳ್ಳಗೆ ಕೆನೆ ಕಟ್ಟಿದಂತೆ ಇತ್ತು. ಇನ್ನೂ ಬಗ್ಗಿ ನೋಡಿದರೆ ಕೆನೆಯಲ್ಲ, ಸಾಸಿವೆಗಿಂತ ಸಣ್ಣ ಚೌಕಗಳು. ಒಂದೊಂದೂ ತಲೆಕೆಳಗಾದ ಪುಟ್ಟ ಗೋಪುರದಂತೆ ತೇಲುತ್ತಿತ್ತು. ಗಾಳಿ ಒಂದಿಷ್ಟು ಬೀಸಿತು. ಚೌಕಗಳು ಒಂದಕ್ಕೊಂದು ತಗುಲಿ, ಭಾರವಾಗಿ, ಸದ್ದಿಲ್ಲದೆ ತಳಕ್ಕೆ ಇಳಿದವು. ಅವು ಇಳಿದ ಜಾಗದಲ್ಲಿ ಹೊಸವು ಕಾಣಿಸಿಕೊಂಡವು. ಎಷ್ಟು ಹೊತ್ತು ನೋಡಿದೆನೋ, ಗೆಳತಿ ಬಂದು ಹೆಗಲು ಮುಟ್ಟಿದಾಗಲೇ ಎಚ್ಚರ.

ಏಳುವಾಗ ಕಾಲು ಜಾರಿತು. ಚಪ್ಪಲಿ ಸಮೇತ ಒಂದು ಕಾಲು ಮಡಿಗೆ ಇಳಿದುಬಿಟ್ಟಿತು. ಹಿಂದಿನ ದಿನ ಘಟ್ಟದಲ್ಲಿ ಕಲ್ಲು ತರಚಿದ ಗಾಯ ಹಿಮ್ಮಡಿಯಲ್ಲಿತ್ತು, ಆ ನೀರು ತಾಗಿ ಕಣ್ಣಲ್ಲಿ ನೀರು ಬಂತು. ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆಯದಕ್ಕೆ. ಮಳೆಗಾಲ ಮುಗಿದ ಮೇಲೆ ಈ ಜೇಡಿಯ ತಳವನ್ನು ವಾರಗಟ್ಟಲೆ ತುಳಿದು ತುಳಿದು ನುಣ್ಣಗೆ ಮಾಡಿರುತ್ತಾರೆ. ತಳ ಕೆಟ್ಟರೆ ಉಪ್ಪಿಗೆ ಮಣ್ಣು ಸೇರುತ್ತದೆ. ನನ್ನ ಹೆಜ್ಜೆ ಗುರುತು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೈ ಮುಗಿದು ತಪ್ಪಾಯಿತು ಅಂದೆ. ಗೌಡರು ಏನೂ ಅನ್ನಲಿಲ್ಲ. ಮಡಿಗಿಳಿದು, ಅಂಗಾಲಿನಿಂದ ಆ ಗುಳಿಯನ್ನು ಮೆಲ್ಲಗೆ ಒತ್ತಿ ಒತ್ತಿ ಮುಚ್ಚಿದರು. ಆಮೇಲೆ ‘ಮೊದಲು ನಿನ್ನ ಕಾಲು ಸಿಹಿನೀರಲ್ಲಿ ತೊಳ್ಕೊ’ ಅಂದರು. ಹೋಗುವವರು ಬದುವಿನ ಮೇಲೆ ಮಾತ್ರ ನಡೆಯಿರಿ, ಬರಿಗಾಲಲ್ಲಿ ನಡೆದರೆ ಇನ್ನೂ ಒಳ್ಳೆಯದು.

ಹೆಂಗಸರು ಬುಟ್ಟಿಯಲ್ಲಿ ಉಪ್ಪು ಹೊತ್ತು ಬದುವಿನ ಮೇಲೆ ರಾಶಿ ಹಾಕುತ್ತಿದ್ದರು. ಬಣ್ಣ ಹಾಲಿನ ಬಿಳಿಯಲ್ಲ, ಸ್ವಲ್ಪ ಬೂದಿ. ಶಿರಸಿ ಕಡೆಯವರು ಅಪ್ಪೆಮಿಡಿ ಉಪ್ಪಿನಕಾಯಿಗೆ ಇದೇ ಬೇಕು ಅನ್ನುತ್ತಾರೆ. ಇದರಲ್ಲಿ ಹಾಕಿದ ಮಿಡಿ ಮೆತ್ತಗಾಗುವುದಿಲ್ಲವಂತೆ. ನಾನು ಐದು ಕಿಲೋ ಕೊಂಡೆ. ಕೊಟ್ಟ ಅಜ್ಜಿ ಎಚ್ಚರಿಸಿದರು: ‘ಹೊಸ ಉಪ್ಪು, ನೀರು ಬಿಡ್ತದೆ. ಮನೆಗೆ ಹೋದ್ಮೇಲೆ ಬುಟ್ಟೀಲಿ ಸುರಿದಿಡು. ನೀರು ಪೂರ್ತಿ ಇಳಿದ್ಮೇಲೆ ಮರಿಗೆಗೆ ತುಂಬು.’

ಮಧ್ಯಾಹ್ನ ತದಡಿಯಿಂದ ದೋಣಿಯಲ್ಲಿ ಹೊಳೆ ದಾಟಿದೆವು. ಇಳಿತದ ಹೊತ್ತು. ಸೊಂಟದ ಮಟ್ಟ ನೀರಿನಲ್ಲಿ ನಿಂತು ಗಂಡಸರು, ಹೆಂಗಸರು ಬೆಳಚು (ತಿನ್ನುವ ಚಿಪ್ಪು) ಹೆಕ್ಕುತ್ತಿದ್ದರು. ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯಲ್ಲಿ ಹುಟ್ಟಿದ ನೀರು ತಡೆಯಿಲ್ಲದೆ ಇಲ್ಲಿಗೆ ಬರುತ್ತದೆ. ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಉಪ್ಪು, ಬೆಳಚು, ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಕಗ್ಗ ಭತ್ತ, ಮೂರೂ ಬದುಕಿರುವುದು ಸಿಹಿನೀರು ಮತ್ತು ಉಪ್ಪುನೀರು ಇಲ್ಲಿ ತಮ್ಮ ಪಾಡಿಗೆ ಸೇರುವುದರಿಂದ. ಮೇಲೆ ನದಿಗೆ ಕೈ ಹಾಕಿದರೆ ಕೆಳಗೆ ಈ ಎಲ್ಲರ ಕೂಲಿಗೂ ಕೈ ಹಾಕಿದಂತೆ. ರಾತ್ರಿ ಜಗಲಿಯಲ್ಲಿ ಇದನ್ನೇ ಮಾತಾಡಿದೆವು. ಎದುರಿಗೆ ಬೆಳಚಿನ ಸುಕ್ಕಾ ಇತ್ತು, ಚಿಪ್ಪಿನ ರಾಶಿ ಬೆಳೆಯುತ್ತಲೇ ಹೋಯಿತು.

ನಾಲ್ಕನೇ ದಿನ: ಅಂಕೋಲಾ, ಕಾರವಾರ

ಅಂಕೋಲಾದಲ್ಲಿ ನಿಂತದ್ದು ಒಂದೇ ತಾಸು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಶಾಲೆಯಲ್ಲಿ ಓದಿದ್ದೇ. ಆದರೆ ಹಿಂದಿನ ದಿನ ಆ ಮಡಿಯ ಮುಂದೆ ಕೂತು ಬಂದಿದ್ದೆನಲ್ಲ, ಕಣ್ಣೆದುರೇ ನೀರಿನಲ್ಲಿ ತಾನಾಗಿ ಹುಟ್ಟುವ ಆ ಚೌಕವನ್ನು ಬೊಗಸೆಯಲ್ಲಿ ಎತ್ತಿಕೊಂಡರೆ ಜೈಲು ಅಂದರೆ ಏನು ಅಂತ ಅವತ್ತು ಹೊಟ್ಟೆಯೊಳಗೆ ಅರ್ಥವಾಯಿತು.

ಕಾರವಾರಕ್ಕೆ ಬಂದಾಗ ಮಧ್ಯಾಹ್ನ. ಕೋಕಂನ ಸೋಲ್ ಕಡಿ ಎರಡು ಲೋಟ ಕುಡಿದ ಮೇಲೆ ಜೀವ ಬಂತು. ಸಂಜೆ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಮರಳ ಮೇಲೆ ಕೂತು ಮಾಸ್ತರು ಕೊನೆಯ ಮಾತು ಆಡಿದರು. ಕುಮಟಾದ ಹೊಳೆ ಆಳವಿಲ್ಲ. ಹತ್ತಿಗೆ ಆಳದ ಬಂದರು ಬೇಕಿತ್ತು. ಇಲ್ಲಿ ಕಾಳಿ ನದಿಯ ಬಾಯಲ್ಲಿ, ಸದಾಶಿವಗಡದ ಗುಡ್ಡದ ಆಸರೆಯಲ್ಲಿ ಅದು ಸಿಗುತ್ತದೆ ಅಂತ ಅಂದಿನವರ ಲೆಕ್ಕ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಈ ಕರಾವಳಿ ಮದ್ರಾಸಿನಲ್ಲಿ. ಹೊಲ ಒಂದು ಸರ್ಕಾರಕ್ಕೆ, ಬಂದರು ಇನ್ನೊಂದಕ್ಕೆ ಆದರೆ ರಸ್ತೆ ಆಗುವುದು ಹೇಗೆ? 1862ರಲ್ಲಿ ಉತ್ತರ ಕನ್ನಡವನ್ನೇ ಮುಂಬಯಿಗೆ ಸೇರಿಸಿದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನೂ ಇಲ್ಲಿಗೆ ಕಳಿಸಿತು. ಘಟ್ಟದ ರಸ್ತೆ ಮಾತ್ರ ಆಗ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಬಿತ್ತು. ಕಾರವಾರಕ್ಕೆ ರೈಲು ಬೇಕು ಅನ್ನುವ ಕೂಗಿಗೆ ಉತ್ತರ ಸಿಗುವ ಮೊದಲೇ ರೈಲು ಮರ್ಮಗೋವಾಕ್ಕೆ ಹೋಯಿತು.

‘ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಇವತ್ತಿಗೂ ನಡೀತಾ ಇದೆಯಲ್ಲ ಸರ್’ ಅಂದೆ. ‘ನಡೀತದೆ’ ಅಂದರು. ‘ಕಾಡು ಕಡೀಬೇಕು ಅದಕ್ಕೆ. ರೈಲು ಬೇಕು ಅನ್ನುವವರ ಕಷ್ಟ ನನಗೆ ಗೊತ್ತು. ಆದರೆ ದೇವಿಮನೆಯಲ್ಲಿ ನೀನು ನೋಡಿದ್ಯಲ್ಲ, ಅಂಥ ಕಾಡು ಮತ್ತೆ ಬರೂದಿಲ್ಲ.’ ನನಗೂ ಹಾಗೇ ಅನ್ನಿಸುತ್ತದೆ. ಹುಬ್ಬಳ್ಳಿಯ ಕಡೆಯವಳಾಗಿ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ.

ಕತ್ತಲಾಯಿತು. ಸಮುದ್ರದಲ್ಲಿ ದೂರ ಒಂದು ಬೆಳಕು ಮಿನುಗಿತು, ಆರಿತು, ಮತ್ತೆ ಮಿನುಗಿತು. ದೇವಗಡ ದ್ವೀಪದ ದೀಪಸ್ತಂಭ, 1864ರದ್ದು. ಆ ಹತ್ತಿಯ ಆಸೆಯ ಕಾಲದ್ದೇ. ನಾನು ಹುಡುಕುತ್ತಿದ್ದ ಕಲ್ಲು ಅಲ್ಲಿತ್ತು! ಅಜ್ಜ ಇದ್ದಿದ್ದರೆ ಫೋನ್ ಮಾಡಿ ಹೇಳುತ್ತಿದ್ದೆ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಬಸ್ಸು. ಹೊರಡುವ ಮೊದಲು ಕೋಡಿಬಾಗದವರೆಗೆ ಹೋಗಿ ಕಾಳಿ ಸೇತುವೆ ನೋಡಿ ಬಂದೆವು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಒಂದು ಲಾರಿ ಹೊಳೆಗೆ ಬಿದ್ದಿತ್ತು. ಚಾಲಕನನ್ನು ಉಳಿಸಿದರು. ಈಗ ಹೊಸ ಸೇತುವೆ ಒಂದೇ ಎಲ್ಲವನ್ನೂ ಹೊರುತ್ತಿದೆ.

ಬಸ್ಸು ಅಂಕೋಲಾ ದಾಟಿ ಅರಬೈಲ್ ಘಟ್ಟ ಏರುತ್ತಿತ್ತು. ಮೇಲಿನಿಂದ ಪಕ್ಕದವರ ಹೆಗಲಿಗೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ನನ್ನ ಉಪ್ಪಿನ ಚೀಲ! ಗಾಬರಿಯಾಗಿ ಎದ್ದು ಚೀಲ ಇಳಿಸಿ, ಕ್ಷಮಿಸಿ ಅಮ್ಮಾ ಅಂದೆ. ಯಲ್ಲಾಪುರದಲ್ಲಿ ಇಳಿಯುವವರು ಅವರು. ಹನಿಯನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಹಚ್ಚಿದರು.

‘ಸಾಣಿಕಟ್ಟಾದ್ದಾ?’

ಹೌದು ಅಂದೆ.

‘ಈ ಸಲ ಮಿಡಿಗೆ ತರ್ಸಲೇ ಆಗಿದ್ದಿಲ್ಲೆ’ ಅನ್ನುತ್ತ ತಮ್ಮ ಚೀಲದಿಂದ ಖಾಲಿ ಡಬ್ಬಿ ತೆಗೆದರು. ಊಟದ ಡಬ್ಬಿ. ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದರು. ಎರಡು ಬೊಗಸೆ ಹಾಕಿದೆ. ಬಸ್ಸು ಏರುತ್ತಲೇ ಇತ್ತು.